ಇಸಿಜಿ ತೋರಿಸಿದರೇ ನನ್ನ ಎಡಗಾಲು

ಒಂದು ಕಾಲದಲ್ಲಿ ಹೊಸಪೇಟೆಯಲ್ಲಿ ನನಗಿಂತ ನನ್ನ ಎಡಗಾಲಿಗೇ ಹೆಚ್ಚು ಹೆಸರಿತ್ತು. ನಾನು ಕಾಲು ಮುಂದಾಗಿ ಹುಟ್ಟಿದವಳು. ಬೆನ್ನು, ಸೊಂಟ ಹಿಡಿದುಕೊಂಡವರನ್ನು ಹಾಗೆ ಹುಟ್ಟಿದವರು ಎಡಗಾಲಿನಿಂದ ಮೂರು ಸಲ ಮೆಲ್ಲಗೆ ಒದ್ದರೆ ಉಳುಕು ಬಿಡುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಬರಬೇಕು. ಗೋಡೆಗೆ ಮುಖ ಮಾಡಿ ನಿಲ್ಲಬೇಕು. ದುಡ್ಡು ಕೊಡಬಾರದು. ಒದೆಸಿಕೊಂಡ ಮೇಲೆ ಹಿಂತಿರುಗಿ ನೋಡದೆ ನೆಟ್ಟಗೆ ಹೋಗಿಬಿಡಬೇಕು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಟೀಚರ್. ವಾರಕ್ಕೆ ಆರು ದಿನ ವಿಜ್ಞಾನ, ಏಳನೆಯ ದಿನ ಒದೆ ಎಂದು ನಮ್ಮ ಸ್ಟಾಫ್‌ರೂಮಿನಲ್ಲಿ ನಗುತ್ತಿದ್ದರು. ನಗಲಿ. ಹಾಗೆ ನಕ್ಕ ಗಣಿತದ ಮೇಷ್ಟ್ರೇ ಒಂದು ಭಾನುವಾರ ಸೊಂಟ ಹಿಡಿದುಕೊಂಡು ನಮ್ಮ ಗೋಡೆಗೆ ಮುಖ ಮಾಡಿ ನಿಂತಿದ್ದರು. ಒದೆಯಿಂದ ನಿಜವಾಗಿ ಏನಾಗುತ್ತದೆಂದು ಕೇಳಿದರೆ ನನಗೆ ಗೊತ್ತಿಲ್ಲ. ಕುಂಟುತ್ತ ಬಂದವರು ಸೆಟೆದು ಹೋಗುತ್ತಿದ್ದರು, ನನಗೆ ಒಳಗೊಳಗೇ ಜಂಬವಾಗುತ್ತಿತ್ತು. ಇಷ್ಟು ಮಾತ್ರ ಗೊತ್ತು.

ಗಣಿಯ ಭರಾಟೆ ಶುರುವಾದ ಮೇಲೆ ನನ್ನ ಕಾಲಿಗೆ ಪುರುಸೊತ್ತೇ ಇಲ್ಲದಂತಾಯಿತು. ಸಂಡೂರಿನಿಂದ ಅದಿರು ಹೊತ್ತ ಲಾರಿಗಳು ಹಗಲು ರಾತ್ರಿ ಇಳಿಯುತ್ತಿದ್ದವು. ಆ ರಸ್ತೆಯಲ್ಲಿ ಲಾರಿ ಓಡಿಸಿದವನ ಬೆನ್ನು ಬೆನ್ನಾಗಿ ಉಳಿಯುವುದು ಹೇಗೆ? ನಮ್ಮ ಮನೆಯವರದು ಸಂಡೂರು ರಸ್ತೆಯಲ್ಲಿ ಟೈರ್ ಅಂಗಡಿ. ಲಾರಿಯ ಟೈರು ಅವರು ನೋಡುತ್ತಿದ್ದರು, ಡ್ರೈವರನ ಬೆನ್ನು ನಾನು ನೋಡುತ್ತಿದ್ದೆ. ಗೋಡೆಗೆ ಮುಖ ಮಾಡಿ ನಿಂತು, ಹಿಂತಿರುಗದೆ ಹೋಗುವ ನೇಮ ಇದ್ದದ್ದರಿಂದ ನನಗೆ ಅವರ ಮುಖಗಳು ಗೊತ್ತಿರಲಿಲ್ಲ. ಕೆಂಪು ಧೂಳು ಹತ್ತಿದ ಬೆನ್ನುಗಳು ಮಾತ್ರ ಗೊತ್ತಿದ್ದವು.

ಇಂಥ ಒಂದು ಭಾನುವಾರ, ಬಂದವರೆಲ್ಲ ಹೋದ ಮೇಲೆ, ನಲ್ಲಿಯಲ್ಲಿ ನೀರು ಬಂತು. ಹೊಸಪೇಟೆಯಲ್ಲಿ ಆಗ ನೀರು ಬಂತೆಂದರೆ ಹಬ್ಬ ಬಂದ ಹಾಗೆ. ತುಂಬಿದ ಕೊಡಗಳನ್ನು ಒಂದೇ ಉಸಿರಿಗೆ ಮೇಲಿನ ಮನೆಗೆ ಸಾಗಿಸಿದೆ. ಕಡೆಯ ಕೊಡ ಇಳಿಸಿ ನೆಟ್ಟಗಾಗುವಾಗ ಎದೆಯ ನಡುವೆ ಏನೋ ಹರಿದಂತಾಯಿತು. ನೋವು ಬೆನ್ನಿಗೆ ಹೋಯಿತು, ಎಡಗೈಗೆ ಇಳಿಯಿತು, ದವಡೆಗೆ ಏರಿತು. ನನಗಾಗ ನಲವತ್ತೆರಡು. ಬಿಪಿ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ, ಮೈಯಲ್ಲಿ ಬೊಜ್ಜಿಲ್ಲ. ಪ್ರತಿ ವರ್ಷ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಹೃದಯದ ಚಿತ್ರ ಬಿಡಿಸುವ ನಾನು, ಗೋಡೆಗೊರಗಿ ಕೂತು ರೋಗ ಪತ್ತೆ ಹಚ್ಚಿಯೇ ಬಿಟ್ಟೆ.

"ಉಳುಕು. ಕೊಡ ಎತ್ತೂ ಮುಂದ ಹಿಡ್ಕೊಂಡೈತಿ" ಅಂದೆ.

ಅತ್ತೆ ಬಂದು ನನ್ನ ಮುಖ ನೋಡಿದರು. "ಊರ ಮಂದಿಗೆಲ್ಲ ನೀ ಒದಿತಿ. ನಿನ್ನ ಒದ್ಯಾರು ಯಾರವ್ವಾ?"

ಅದೇ ತೊಡಕು. ತನ್ನ ಬೆನ್ನನ್ನು ತಾನೇ ಒದೆಯಲು ಬರುವುದಿಲ್ಲ. ಬುಕ್ಕಸಾಗರದಲ್ಲಿ ಗಂಗಮ್ಮ ಎಂಬ ಒಬ್ಬಾಕೆ ಇದ್ದಾಳೆ, ಆಕೆಯೂ ಕಾಲು ಮುಂದಾಗಿ ಹುಟ್ಟಿದವಳು ಎಂದು ಅತ್ತೆಗೆ ನೆನಪಾಯಿತು. ನಮ್ಮ ಮನೆಯವರು ಸ್ಕೂಟರ್ ತೆಗೆದರು. ಕಮಲಾಪುರ ದಾಟುವವರೆಗೂ ನಾನು ಅವರ ಅಂಗಿ ಹಿಡಿದುಕೊಂಡು, ಪ್ರತಿ ತಗ್ಗಿಗೂ ಹಲ್ಲು ಕಚ್ಚುತ್ತಿದ್ದೆ. ಹೃದಯಾಘಾತ ಆದವಳನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು, ಒದೆಸಲೆಂದು ಬುಕ್ಕಸಾಗರಕ್ಕೆ ಕರೆದೊಯ್ದ ಗಂಡ ಬೇರೆ ಎಲ್ಲಾದರೂ ಇದ್ದರೆ ನನಗೆ ತಿಳಿಸಿ.

ಗಂಗಮ್ಮ ಭತ್ತದ ಗದ್ದೆಯಿಂದ ಕೆಸರುಗಾಲಲ್ಲೇ ಬಂದಳು. ನಾನು ಟೀಚರ್ ಎಂದು ಗೊತ್ತಾದ ಕೂಡಲೇ ಹಿಂದೆ ಸರಿದಳು.

"ಅಯ್ಯ, ಮಕ್ಕಳಿಗೆ ಅಕ್ಷರ ಕಲಿಸೋರಿಗೆ ಕಾಲ ಹಚ್ಚಲೇನ್ರಿ? ಪಾಪ ಬರತೈತ್ರಿ ನನಗ."

"ನಾನೂ ಹಿಂಗ ಒದಿಯಾಕಿನ ಗಂಗಮ್ಮ. ನಿನಗ ಪಾಪ ಬಂದ್ರ ಇಬ್ಬರೂ ಹಂಚ್ಕೊಳ್ಳೋಣು. ಜಲ್ದಿ ಮುಗಸವ್ವ."

ಆಕೆ ಕಾಲು ತೊಳೆದುಕೊಂಡು ಬಂದು, ಮೊದಲು ನನ್ನ ಪಾದ ಮುಟ್ಟಿ ನಮಸ್ಕಾರ ಮಾಡಿ, ಆಮೇಲೆ ಒದ್ದಳು. ಮೂರು ಸಲ. ಒದೆ ತಿನ್ನುವುದು ಹೇಗಿರುತ್ತದೆಂದು ನನಗೆ ಗೊತ್ತಾದದ್ದು ಅಂದೇ. ಸತ್ಯವಾಗಿ ಹೇಳುತ್ತೇನೆ, ನೋವು ಇಳಿಯಿತು. ಹಿಂತಿರುಗಿ ನೋಡದೆ ಬಂದು ಸ್ಕೂಟರ್ ಹತ್ತಿದೆ. ಬರುವಾಗ ಕಮಲಾಪುರದಲ್ಲಿ ಮಂಡಕ್ಕಿ, ಮಿರ್ಚಿ ತಿಂದೆವು. ಈ ನೋವು ಹೀಗೆ ಬಂದು ಹೋಗಿ ಮಾಡುತ್ತದೆಂದು, ಇಳಿದಾಗಲೇ ಹೆಚ್ಚು ಮೋಸ ಮಾಡುತ್ತದೆಂದು ನನಗಾಗಲಿ, ಗಂಗಮ್ಮನಿಗಾಗಲಿ ಗೊತ್ತಿರಲಿಲ್ಲ.

ಸಂಜೆ ಮಗಳ ಜಡೆ ಹೆಣೆಯುತ್ತ ಕೂತಿದ್ದೆ. ನೋವು ಮತ್ತೆ ಬಂತು. ಈ ಸಲ ಬಂದದ್ದು ಬೇರೆಯೇ. ಮೈಯೆಲ್ಲ ತಣ್ಣನೆಯ ಬೆವರು. ಮಗಳ ಜಡೆ ಅರ್ಧಕ್ಕೆ ಬಿಟ್ಟು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ನನ್ನನ್ನು ನೋಡಿದರು, ಮಿರ್ಚಿಯ ಕಥೆ ಕೇಳಿದರು, ನಕ್ಕರು.

"ಗ್ಯಾಸ್ ಐತ್ರಿ ಟೀಚರ್. ನಿಮ್ಮ ವಯಸ್ಸಿನ್ಯಾಗ, ಅದೂ ಹೆಂಗಸರಿಗೆ, ಹಾರ್ಟಿಂದು ಇರಂಗಿಲ್ಲ. ಒಂದು ಇಂಜೆಕ್ಷನ್ ಕೊಡ್ತೀನಿ, ಮನಿಗೆ ಹೋಗಿ ಮಲಕೊಳ್ರಿ."

ಅವರನ್ನು ದೂರುವುದಿಲ್ಲ. ನಾನೇ ಉಳುಕು ಅಂದವಳು, ಅವರು ಗ್ಯಾಸ್ ಅಂದರು. ಇಬ್ಬರೂ ಸೇರಿ ನನ್ನನ್ನು ಮುಗಿಸಿಬಿಡುತ್ತಿದ್ದೆವು. ತಡೆದದ್ದು ಅತ್ತೆ. ತಲೆಯ ಮೇಲೆ ಸೆರಗು ಎಳೆದುಕೊಂಡು ಡಾಕ್ಟರ ಮೇಜಿನ ಮುಂದೆ ನಿಂತರು.

"ನೋಡ್ರಿ ಡಾಕ್ಟ್ರೇ, ಈಕಿ ನನ್ನ ಸೊಸಿ. ಹೆರಿಗಿ ಬ್ಯಾನ್ಯಾಗೂ ಬಾಯಿ ಬಿಟ್ಟಾಕಿ ಅಲ್ಲ. ಈಗ ಅಳಾಕತ್ಯಾಳ. ಗ್ಯಾಸಿಗೆ ನನ್ನ ಸೊಸಿ ಅಳಂಗಿಲ್ಲ. ಅದೇನೋ ಎದಿಗೆ ವೈರ್ ಹಚ್ಚಿ ನೋಡ್ತಾರಲ್ಲ, ಅದನ್ನ ಹಚ್ಚಿ ನೋಡ್ರಿ. ನೋಡೂತನಕ ನಾ ಇಲ್ಲಿಂದ ಸರಿಯಂಗಿಲ್ಲ."

ಮದುವೆಯಾಗಿ ಬಂದಾಗಿನಿಂದ ನನ್ನ ಒಂದು ಸಾರನ್ನೂ ಬಾಯಿಬಿಟ್ಟು ಹೊಗಳದ ಅತ್ತೆ! ಎದೆಯಲ್ಲಿ ಅಷ್ಟು ನೋವಿದ್ದರೂ ನನಗೆ ಹೆಮ್ಮೆಯಾಯಿತು. ಇಸಿಜಿ ಮಾಡಿದರು. ಪಟ್ಟಿ ಹೊರಬರುತ್ತಿದ್ದಂತೆ ಡಾಕ್ಟರ ಮುಖದ ನಗೆ ಮಾಯವಾಯಿತು. ಮಾತ್ರೆ, ಡ್ರಿಪ್, ಆಮ್ಲಜನಕ ಎಲ್ಲ ಶುರುವಾದವು. ಬೆಳಗಾಗುತ್ತಲೇ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದು ಅವರೇ ಆಂಬುಲೆನ್ಸ್ ತರಿಸಿಕೊಟ್ಟರು.

ಆಂಬುಲೆನ್ಸಿನಲ್ಲಿ ಮಲಗಿದಾಗ ನನಗೆ ನಿಜವಾದ ಹೆದರಿಕೆ ಹುಟ್ಟಿತು. ಸಾಯುತ್ತೇನೆ ಅನ್ನಿಸಿತು. ಮಗಳು ಹತ್ತನೆಯ ತರಗತಿ, ಅವಳ ಜಡೆ ಅರ್ಧಕ್ಕೇ ನಿಂತಿದೆ ಎಂದು ಅದೊಂದೇ ಮತ್ತೆ ಮತ್ತೆ ನೆನಪಾಗುತ್ತಿತ್ತು. ಊರು ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಡಿ ನಿಂತಿತು. ಮುಂದೆ ಎಲ್ಲೋ ರೈಲ್ವೆ ಗೇಟು ಹಾಕಿದ್ದರು. ಬಂದರಿಗೆ ಅದಿರು ಹೊತ್ತು ಹೊರಟ ಲಾರಿಗಳು ಕಣ್ಣು ಹಾಯುವಷ್ಟು ದೂರ ಒಂದರ ಹಿಂದೊಂದು ನಿಂತಿದ್ದವು. ಸೈರನ್ ಹೊಡೆದುಕೊಳ್ಳುತ್ತಲೇ ಇತ್ತು. ಯಾರಿಗೂ ಅಲುಗಾಡಲು ಜಾಗವಿರಲಿಲ್ಲ, ಮನಸ್ಸೂ ಇರಲಿಲ್ಲ. ನಮ್ಮ ಮನೆಯವರು ಕೆಳಗಿಳಿದು ಲಾರಿಯವರಿಗೆ ಕೈ ಮುಗಿಯುತ್ತ ಓಡುತ್ತಿದ್ದುದು ನನಗೆ ಕಿಟಕಿಯಿಂದ ಕಾಣುತ್ತಿತ್ತು. ಅವರು ಯಾರಿಗೂ ಕೈ ಮುಗಿದದ್ದನ್ನು ನಾನು ನೋಡಿರಲಿಲ್ಲ. ಅದನ್ನು ನೋಡಿ ಅಳು ಬಂತು.

ಆಗ ಹಿಂಬದಿಯ ಬಾಗಿಲಲ್ಲಿ ಒಂದು ಮುಖ ಇಣುಕಿತು. ಹುಬ್ಬಿನವರೆಗೂ ಕೆಂಪು ಧೂಳು. ಯಾರೆಂದು ನನಗೆ ಗುರುತು ಸಿಗಲಿಲ್ಲ. ಬೆನ್ನು ತೋರಿಸಿದ್ದರೆ ಸಿಗುತ್ತಿತ್ತೇನೋ.

"ಯಾ ಅಲ್ಲಾ, ಕಾಲಿನ ಟೀಚರಮ್ಮ!" ಅಂದ ಅವನು. "ನಾ ಮೌಲಾ ಅದೀನ್ರಿ, ಟೈರ್ ಅಂಗಡಿಯವರು ಓಡೂದು ನೋಡಿ ಬಂದೆ. ನನ್ನ ಸೊಂಟ ನೀವ ಬಿಡಿಸಿದ್ರಿ. ಏನಾಗೈತ್ರಿ ನಿಮಗ?"

"ಹಾರ್ಟ್" ಅಂದರು ಪಕ್ಕದಲ್ಲಿ ಕೂತಿದ್ದ ಅತ್ತೆ.

ಮೌಲಾ ಹಿಂದೆ ಮುಂದೆ ನೋಡದೆ ರಸ್ತೆಗೆ ಹಾರಿದ. ಲಾರಿಯಿಂದ ಲಾರಿಗೆ ಬಾಗಿಲು ಬಡಿಯುತ್ತ ಓಡಿದ. "ಲೇ, ಗಾಡಿ ಇಳಸ್ರಲೇ ಕೆಳಗ! ಒದಿಯೋ ಟೀಚರಮ್ಮ ಅದಾರ ಒಳಗ! ಮುಂದಿನ ಭಾನುವಾರ ಯಾರ ಹಂತ್ಯಾಕ ಹೋಗ್ತೀರಲೇ?" ಒಬ್ಬ ಇಳಿಸಿದ, ಅವನನ್ನು ನೋಡಿ ಇನ್ನೊಬ್ಬ. ರಸ್ತೆ ಪಕ್ಕದ ಮಣ್ಣಿಗೆ ಒಂದೊಂದೇ ಗಾಲಿ ಇಳಿಸಿ, ಅದಿರು ತುಂಬಿದ ಆ ಲಾರಿಗಳು ವಾಲಿಕೊಂಡು ದಾರಿ ಬಿಟ್ಟವು. ಆ ಗೇಟನ್ನೂ ಯಾರೋ ಬೈದು ತೆಗೆಸಿದರೋ ಅಥವಾ ರೈಲು ದಾಟಿತೋ, ಗೊತ್ತಿಲ್ಲ. ನಮ್ಮ ಗಾಡಿ ಹೋಯಿತು. ಆ ಲಾರಿಗಳನ್ನು ಬೈಯದವರು ನಮ್ಮೂರಲ್ಲಿ ಇರಲಿಲ್ಲ, ನಾನೂ ಬೈದವಳೇ. ಅವತ್ತು ಅವು ನನಗಾಗಿ ಪಕ್ಕಕ್ಕೆ ಸರಿದವು. ಮಂತ್ರಿಗೆ ಹಾಗೆ ದಾರಿ ಬಿಟ್ಟದ್ದನ್ನು ನಾನು ಕಂಡಿಲ್ಲ.

ಹುಬ್ಬಳ್ಳಿಯ ಹೃದಯದ ವಾರ್ಡಿನಲ್ಲಿ ಎಲ್ಲ ಮಂಚಗಳ ಮೇಲೂ ಗಂಡಸರು, ಕೆಳಗೆ ಚಾಪೆಯ ಮೇಲೆ ಅವರವರ ಹೆಂಡಂದಿರು. ಅಂಜಿಯೋಗ್ರಾಮಿಗೆ ಕರೆಯುವವರೆಗೆ ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿದ್ದರು. ಪಕ್ಕದಲ್ಲಿದ್ದ ಒಬ್ಬ ತಾಯಿ ನನ್ನ ಕೈ ಸವರಿ ಕೇಳಿದರು, "ನಿಮ್ಮ ಮನಿಯವ್ರು ಯಾವ ಬೆಡ್ಡಿನ ಮ್ಯಾಲೆ ಅದಾರವ್ವಾ? ಅವರಿಗೆ ಆಗೈತಂತ ನೀವು ಹಿಂಗ ಕುಸದು ಕುಂತ್ರ ಹೆಂಗ?"

"ಅವರು ಕೆಳಗ ಚಾ ಕುಡ್ಯಾಕತ್ಯಾರ್ರಿ. ಹಾರ್ಟು ನಂದು" ಅಂದೆ.

ಆಕೆ ಹೌಹಾರಿ, ಹೆಂಗಸರಿಗೂ ಬರುತ್ತದೆಯೇ ಎಂದು ಬಾಯಿಗೆ ಸೆರಗು ಹಿಡಿದರು. ನಗು ಬಂತು. ಆ ಇಡೀ ದಿನದಲ್ಲಿ ನಕ್ಕದ್ದು ಅದೊಂದೇ ಸಲ.

ಅಂಜಿಯೋಗ್ರಾಮ್ ಮುಗಿದ ಮೇಲೆ ಡಾಕ್ಟರು ಪರದೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ಕಿರಿಯ ಡಾಕ್ಟರುಗಳನ್ನೆಲ್ಲ ಕರೆದು ತೋರಿಸಿದರು. ಹೃದಯವನ್ನು ಎಷ್ಟೋ ವರ್ಷ ಮಕ್ಕಳಿಗೆ ತೋರಿಸಿದವಳು ನಾನು. ಈಗ ನನ್ನದನ್ನೇ ಪಾಠಕ್ಕೆ ಹಚ್ಚಿದ್ದರು. ನನ್ನ ಚಿತ್ರದಲ್ಲಿ ಯಾವಾಗಲೂ ನಾಲ್ಕು ಕೋಣೆ, ಕವಾಟ, ದೊಡ್ಡ ನಾಳಗಳಷ್ಟೇ ಇರುತ್ತಿದ್ದವು. ಹೃದಯಕ್ಕೇ ರಕ್ತ ಕೊಡುವ ಸಣ್ಣ ನಾಳಗಳನ್ನು ನಾನು ಒಮ್ಮೆಯೂ ಬಿಡಿಸಿರಲಿಲ್ಲ.

ಡಾಕ್ಟರು ನಮ್ಮ ಮನೆಯವರನ್ನೂ ಅತ್ತೆಯನ್ನೂ ಒಳಗೆ ಕರೆದರು. "ಇವರಿಗೆ ಕೊಬ್ಬು ಕಟ್ಟಿಲ್ಲ. ರಕ್ತನಾಳದ ಒಳಪದರ ತಾನ ತಾನಾಗಿ ಹರದು, ಗೋಡಿಯಿಂದ ಬಿಟ್ಟೈತಿ. ಆ ಸಂದಿಯಾಗ ರಕ್ತ ಹೊಕ್ಕು ಉಬ್ಬೇತಿ. ಅದಕ್ಕ ದಾರಿ ಇಕ್ಕಟ್ಟಾಗೇತಿ."

ನಮ್ಮ ಮನೆಯವರಿಗೆ ಅಲ್ಲಿಯವರೆಗೆ ಯಾವ ಡಾಕ್ಟರ ಯಾವ ಮಾತೂ ತಲೆಗೆ ಹೋಗಿರಲಿಲ್ಲ. ಇದು ತಟ್ಟನೆ ಹೋಯಿತು. "ಪ್ಲೈ ಬಿಟ್ಟೈತಿ ಅನ್ರಿ! ಲಾರಿ ಟೈರಿನ್ಯಾಗ ಒಳಗಿನ ಪದರ ಬಿಟ್ಟು ಗುಳ್ಳಿ ಬರ್ತೈತ್ರಿ." ಹೇಳಿದ ಕೂಡಲೇ ಅವರ ಮುಖ ಬಿಳಿಚಿಕೊಂಡಿತು. "ಅಂಥ ಟೈರ್ ನಾವು ಕಿತ್ತು ಒಗೀತೀವ್ರಿ, ಸಾಹೇಬ್ರ."

"ಇದನ್ನ ಒಗಿಯೂದಿಲ್ರಿ" ಅಂದರು ಡಾಕ್ಟರು. "ಟೈರಿಗೆ ಜೀವ ಇಲ್ಲ, ಇದಕ್ಕೈತಿ. ಸ್ಟೆಂಟ್ ಹಾಕಾಕ ಹೋದ್ರ ಇನ್ನಷ್ಟು ಹರೀಬಹುದು. ಇಕ್ಕಟ್ಟಿದ್ರೂ ರಕ್ತ ಮುಂದ ಹೊಂಟೈತಿ, ನೋವೂ ಇಳದೈತಿ. ಕೈ ಹಚ್ಚಬಾರ್ದು, ಕಾಯಬೇಕು. ತಾನ ಕೂಡಿಕೊಳ್ಳತೈತಿ."

ಅತ್ತೆ ಕೇಳಿದ್ದು ಬೇರೆ. "ನನ್ನ ಸೊಸಿ ಏನು ತಪ್ಪು ಮಾಡ್ಯಾಳಂತ ಬಂತ್ರಿ ಇದು? ಮತ್ಯಾರಿಗೆ ಬರ್ತೈತಿ?"

"ತಪ್ಪೇನೂ ಮಾಡಿಲ್ಲಜ್ಜಿ. ಬಿಪಿ, ಸಕ್ಕರಿ ಏನೂ ಇಲ್ಲದ, ಗಟ್ಟಿಮುಟ್ಟಾದ ಹೆಣ್ಣುಮಕ್ಕಳಿಗೇ ಹೆಚ್ಚು ಬರ್ತೈತಿ. ಇವರ ವಯಸ್ಸಿನವರು, ಇನ್ನೂ ಸಣ್ಣವರು, ಹಡದ ಹೊಸದರಾಗ ಇರೋ ಬಾಣಂತ್ಯಾರು. ಗಂಡಸರಿಗೆ ಕಡಿಮಿ. ಪುಸ್ತಕದಾಗ ಅಪರೂಪ ಅಂತ ಬರದಾರ." ನನ್ನ ಕಡೆ ತಿರುಗಿ ಹೇಳಿದರು, "ನನಗ ಅಷ್ಟು ಖಾತ್ರಿ ಇಲ್ರಿ ಟೀಚರ್. ಹೆಂಗಸರು ಎದಿ ನೋವು ಅಂದ್ರ ಯಾರು ಅಂಜಿಯೋಗ್ರಾಮ್ ಮಾಡಸ್ತಾರ? ನೋಡಿದ್ರ ತಾನ ಕಾಣೂದು?"

ನಮಗೆ ಆಪರೇಷನ್ ಎಂದಿದ್ದರೆ ಧೈರ್ಯ ಬರುತ್ತಿತ್ತು. ಏನೂ ಮಾಡದಿರುವುದೇ ಔಷಧ ಎಂದಾಗ ಇದ್ದ ಧೈರ್ಯವೂ ಹೋಯಿತು. ಮಾತ್ರೆ ನುಂಗಿ, ಕೊಡ ಎತ್ತದೆ, ಯಾರನ್ನೂ ಒದೆಯದೆ ತಿಂಗಳುಗಟ್ಟಲೆ ಕೂರಬೇಕಿತ್ತು. ಸೀನು ಬಂದರೂ ಎದೆ ಹಿಡಿದುಕೊಳ್ಳುತ್ತಿದ್ದೆ. ಒಳಗೆ ಹರಿದದ್ದು ಕೂಡುತ್ತಿದೆಯೋ, ಇನ್ನೂ ಹರಿಯುತ್ತಿದೆಯೋ ಹೇಗೆ ತಿಳಿಯಬೇಕು? ನಮ್ಮ ಮನೆಯವರು ಮಲಗಿದ ನನ್ನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡೇ "ಅದೀನ್ರಿ" ಅನ್ನುತ್ತಿದ್ದೆ. ಅತ್ತೆ ನೀರು ಹಿಡಿದರು, ರೊಟ್ಟಿ ಬಡಿದರು, ಭಾನುವಾರ ಬಂದವರನ್ನು ಬಾಗಿಲಿನಿಂದಲೇ ಓಡಿಸಿದರು. ಮೌಲಾ ಮಾತ್ರ ಓಡಲಿಲ್ಲ. ವಾರಕ್ಕೊಮ್ಮೆ ಗೇಟಿನ ಹೊರಗೆ ನಿಂತು, ಅತ್ತೆಯ ಹತ್ತಿರ ನನ್ನ ಸುದ್ದಿ ಕೇಳಿಕೊಂಡು ಹೋಗುತ್ತಿದ್ದ.

ತಿಂಗಳುಗಳ ಮೇಲೆ ಮತ್ತೊಂದು ಅಂಜಿಯೋಗ್ರಾಮ್ ಆಯಿತು. ನಾಳ ಕೂಡಿಕೊಂಡಿತ್ತು, ಹರಿದ ಗುರುತೂ ಇರಲಿಲ್ಲ. ನಮ್ಮ ಮನೆಯವರು ಪರದೆಯ ಹತ್ತಿರ ಹೋಗಿ ಬಗ್ಗಿ ನೋಡಿ, "ಹೊಸಾ ಟೈರ್!" ಅಂದರು. ಯಾರೂ ಏನೂ ಮಾಡದೆ ತನ್ನನ್ನು ತಾನೇ ಹೊಲಿದುಕೊಂಡ ನನ್ನ ಹೃದಯದ ಬಗ್ಗೆ ನನಗಾದ ಹೆಮ್ಮೆಯನ್ನು ಇಂದಿಗೂ ಮುಚ್ಚಿಟ್ಟುಕೊಳ್ಳಲು ಆಗುವುದಿಲ್ಲ. ಆ ವರ್ಷ ಕರಿಹಲಗೆಯ ಮೇಲೆ ಹೃದಯ ಬಿಡಿಸಿದಾಗ ಆ ಸಣ್ಣ ನಾಳಗಳನ್ನೂ ಕೆಂಪು ಸೀಮೆಸುಣ್ಣದಲ್ಲಿ ಬಿಡಿಸಿದೆ.

ಅದೇ ದಿನ ಸ್ಟಾಫ್‌ರೂಮಿನಲ್ಲಿ ಸಂಡೂರಿನ ಒಬ್ಬ ಟೀಚರ್ ನನ್ನ ಪಕ್ಕ ಬಂದು ಕೂತರು. ಅವರ ತಂಗಿ ಹೆತ್ತ ಕೆಲವು ದಿನಕ್ಕೆ ಎದೆ ನೋವೆಂದು ಅತ್ತು, ಸಂಜೆಯೊಳಗೆ ತೀರಿಹೋಗಿದ್ದಳಂತೆ. ಬಾಣಂತಿಗೆ ವಾಯು ಏರಿತು ಅಂದಿದ್ದರಂತೆ. "ನಿಮಗಾದದ್ದ ಆಕಿಗೂ ಆಗಿತ್ತೇನ್ರಿ?" ಎಂದು ಕೇಳಿದರು. ಗೊತ್ತಿಲ್ಲ ಅಂದೆ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಅವರ ಕೈ ಹಿಡಿದುಕೊಂಡು ಗಂಟೆ ಹೊಡೆಯುವವರೆಗೂ ಕೂತಿದ್ದೆ. ಎಷ್ಟು ಜನಕ್ಕೆ ಬರುತ್ತದೆ ಎಂಬ ಪ್ರಶ್ನೆ ಅಲ್ಲಿಯವರೆಗೆ ನನಗೆ ಡಾಕ್ಟರ ಪ್ರಶ್ನೆಯಾಗಿತ್ತು. ಅಂದಿನಿಂದ ನನ್ನದೂ ಆಯಿತು.

ಮುಂದಿನ ರಜೆಯಲ್ಲಿ ಬುಕ್ಕಸಾಗರಕ್ಕೆ ಹೋಗಿ ಗಂಗಮ್ಮನ ಜಗಲಿಯ ಮೇಲೆ ಕೂತು ಎಲ್ಲ ಹೇಳಿದೆ. ಆಕೆ ಅಳತೊಡಗಿದಳು. "ಹಾರ್ಟಿನ ಮ್ಯಾಲೆ ಒದ್ನೇನ್ರಿ ನಾನು?" ನಿನ್ನ ಒದೆಯಿಂದ ಏನೂ ಆಗಲಿಲ್ಲ, ಆದರೆ ಒದೆಯನ್ನು ನಂಬಿ ನಾನು ಒಂದು ಹಗಲು ಕಳೆದುಕೊಂಡೆ ಎಂದು ಸಮಾಧಾನ ಮಾಡಿದೆ. ಇಬ್ಬರೂ ಸೇರಿ ಒಂದು ಕರಾರು ಮಾಡಿಕೊಂಡೆವು. ಸೊಂಟ ಹಿಡಿದಿದ್ದರೆ ಒದೆಯುವುದು. ಎದೆ, ದವಡೆ, ತೋಳು, ಮೇಲ್ಬೆನ್ನಿನ ನೋವಿದ್ದರೆ ಮೊದಲು ಇಸಿಜಿ, ಆಮೇಲೆ ಕಾಲು. ಹೆಂಗಸು, ವಯಸ್ಸು ಚಿಕ್ಕದು ಎಂದರೆ ಇನ್ನೂ ಬಿಗಿ. ಕಾಲು ಮುಂದಾಗಿ ಹುಟ್ಟಿದವರು ಈ ಸೀಮೆಯಲ್ಲಿ ಅಂಥ ಕರಾರು ಮಾಡಿದ್ದು ಅದೇ ಮೊದಲಿರಬೇಕು.

ಆ ಕರಾರಿಗೆ ಪರೀಕ್ಷೆ ಬಂದದ್ದು ಒಂದು ಭಾನುವಾರ. ಕಂಪ್ಲಿಯಿಂದ ಒಬ್ಬ ಬಾಣಂತಿಯನ್ನು ಕರೆತಂದಿದ್ದರು. ಹೆಸರು ಸುಜಾತಾ. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಗಂಡ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವವನು.

"ಬೆನ್ನಾಗ ಗಾಳಿ ಹೊಕ್ಕೈತ್ರಿ. ಮೂರು ಸಲ ಒದ್ದು ಬಿಡ್ರಿ, ಬಿಸಲ ಏರೂದ್ರಾಗ ಹೋಗ್ತೀವಿ" ಅಂದ.

"ಬೆನ್ನಾಗ ಅಷ್ಟ ಏನವ್ವಾ?" ಎಂದು ನಾನು ಅವಳನ್ನೇ ಕೇಳಿದೆ.

ಅವಳು ಎದೆ ಮುಟ್ಟಿಕೊಂಡಳು, ಆಮೇಲೆ ದವಡೆ. ಹಣೆ ಮುಟ್ಟಿ ನೋಡಿದೆ. ಅದೇ ತಣ್ಣನೆಯ ಬೆವರು.

"ನಾ ಒದಿಯಂಗಿಲ್ಲ. ಈಗಿಂದೀಗ ಇಸಿಜಿ ಮಾಡಸ್ರಿ."

ಗಂಡ ರೇಗಿದ. "ಇಪ್ಪತ್ತೈದರ ಹುಡುಗಿಗೆ ಹಾರ್ಟೇನ್ರಿ? ಒದಿಯಾಕ ಮನಸ್ಸಿಲ್ಲಂದ್ರ ಹಂಗ ಹೇಳ್ರಿ. ಬುಕ್ಕಸಾಗರಕ್ಕ ಹೋಗ್ತೀವಿ."

"ಹೋಗು. ಗಂಗಮ್ಮನೂ ಒದಿಯಂಗಿಲ್ಲ. ಆದ್ರ ಅಲ್ಲೀತನಕ ಹೋಗಾಕ ನಿನ್ನ ಹೇಂತಿಗೆ ಹೊತ್ತಿಲ್ಲ."

ಅವನು ಇನ್ನೂ ಏನೋ ಅನ್ನುತ್ತಿದ್ದ. ಅಷ್ಟರಲ್ಲಿ ಅತ್ತೆ ಚಪ್ಪಲಿ ಮೆಟ್ಟಿ, ಅವರು ಬಂದ ಆಟೋದಲ್ಲಿ ಹೋಗಿ ಕೂತಾಗಿತ್ತು. "ಬಾರಲೇ ತಮ್ಮಾ, ಕೂಸಿನ್ನ ನನ್ನ ಕೈಯಾಗ ಕೊಡು. ನನ್ನ ಸೊಸಿದು ಹಿಂಗ ಆಗಿತ್ತು. ಡಾಕ್ಟರ ಜೋಡಿ ನಾ ಮಾತಾಡ್ತೀನಿ." ಅತ್ತೆಯ ಎದುರು ಯಾರು ವಾದ ಮಾಡುತ್ತಾರೆ? ಆಟೋ ಹೋಯಿತು. ನಾನು ಅಂಗಳದಲ್ಲಿ ನಿಂತೇ ಇದ್ದೆ, ತಪ್ಪು ಹೇಳಿದ್ದರೂ ಪರವಾಗಿಲ್ಲ, ಆ ಹುಡುಗಿಗೆ ಬರೀ ಗ್ಯಾಸ್ ಆಗಿರಲಿ ಎಂದು ಬೇಡಿಕೊಳ್ಳುತ್ತ.

ಗ್ಯಾಸ್ ಆಗಿರಲಿಲ್ಲ. ಅದೇ ಹುಬ್ಬಳ್ಳಿ, ಅದೇ ಡಾಕ್ಟರು, ಅದೇ ಪದರ ಬಿಟ್ಟ ನಾಳ.

ಸುಜಾತಾ ನಮ್ಮ ಮನೆಗೆ ಮತ್ತೆ ಬಂದದ್ದು ಮಗುವಿಗೆ ಹಲ್ಲು ಬಂದ ಮೇಲೆ. ಗಂಡ ನನ್ನ ಮುಖ ನೋಡಲಾಗದೆ ಗೇಟಿನ ಹೊರಗೇ ನಿಂತಿದ್ದ. ಅತ್ತೆ ಅವನನ್ನು "ಒಳಗ ಬಾರಲೇ, ನಾವೇನು ಒದಿಯಂಗಿಲ್ಲ" ಎಂದು ಕರೆದು ಕೂರಿಸಿದರು. ಅವನು ಡಾಕ್ಟರು ಹೇಳಿಕಳಿಸಿದ ಮಾತನ್ನು ಹಾಗೆಯೇ ಒಪ್ಪಿಸಿದ. "ನಿಮ್ಮ ಟೀಚರಿಗೆ ಹೇಳಂದ್ರು, ಅಪರೂಪ ಅನ್ನೂ ಮಾತು ನಾ ಬಿಟ್ಟೀನಂತ."

ಸುಜಾತಾ ನನ್ನ ಪಕ್ಕದಲ್ಲಿ ಕೂತಳು. ಮಗು ನನ್ನ ಮಡಿಲಲ್ಲಿ ನನ್ನ ಬಳೆ ಕಚ್ಚುತ್ತಿತ್ತು. ನನ್ನ ಹಾಗೆಯೇ ಹರಿದು, ನನ್ನ ಹಾಗೆಯೇ ಕೂಡಿಕೊಂಡ ಇನ್ನೊಂದು ಜೀವವನ್ನು ನಾನು ನೋಡಿದ್ದು ಅದೇ ಮೊದಲು. ಅವಳು ಗಂಡನಿಗೆ ಕೇಳಿಸದಂತೆ ಮೆಲ್ಲಗೆ ಕೇಳಿದಳು.

"ಟೀಚರ್, ಸೀನು ಬಂದ್ರ ನಿಮಗೂ ಹೆದರಿಕಿ ಆಗ್ತಿತ್ತೇನ್ರಿ?"

"ಈಗೂ ಆಗತೈತವ್ವ" ಅಂದೆ.

ಅವಳು ನಕ್ಕಳು. ನನಗೂ ನಗು ಬಂತು. ಇಬ್ಬರೂ ಒಂದೇ ಸಲ ಎದೆಯ ಮೇಲೆ ಕೈ ಇಟ್ಟುಕೊಂಡದ್ದನ್ನು ನೋಡಿ ಅತ್ತೆ ಗಾಬರಿಯಾಗಿ ಒಳಗಿನಿಂದ ಓಡಿಬಂದರು.